ಮೈಲಿಗೊಮ್ಮೆ ಮುನಿಯುವ ಲಾರಿ

ಮಳವಳ್ಳಿ ದಾಟಿ ಎರಡು ಮೈಲಿ ಬರುವಷ್ಟರಲ್ಲಿ ಕನಕರಾಜುವಿನ ಲಾರಿ ಎರಡು ಸಲ ಬಿಕ್ಕಿ, ಮೂರನೆಯ ಬಿಕ್ಕಿಗೆ ರಸ್ತೆ ಪಕ್ಕದಲ್ಲಿ ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷ ಕಬ್ಬು, ಬೆಲ್ಲ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತ ಲಾರಿ, ಮಾರಲು ಹೊರಟ ದಿನವೇ ಹೀಗೆ ಹಟ ಹಿಡಿದದ್ದು ಕಂಡು ಅವನಿಗೆ ರೇಗಿತು. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮಾತು ಕೊಟ್ಟಾಗಿತ್ತು. ಆತಗೂರಿನಲ್ಲಿ ಇಟ್ಟಿಗೆ ಗೂಡು ಇಟ್ಟಿರುವ ಚಿಕ್ಕಮಾದು, ಸಂಜೆ ನಾಲ್ಕರವರೆಗೆ ಕಾಯುತ್ತೇನೆ, ತಪ್ಪಿದರೆ ಮಂಡ್ಯದಲ್ಲಿ ನೋಡಿಟ್ಟಿರುವ ಇನ್ನೊಂದು ಲಾರಿ ತರುತ್ತೇನೆ ಎಂದಿದ್ದ. ಅದಕ್ಕಿಂತ ದೊಡ್ಡ ಮಾತು ಹೆಂಡತಿ ಪುಷ್ಪಾಗೆ ಕೊಟ್ಟದ್ದು. ಸೋಮವಾರದಿಂದ ಶಾಲಾ ಬಸ್ಸು ಓಡಿಸುವ ಕೆಲಸ, ಸಂಜೆಗೆ ಮನೆ.

“ದೀಪ ಅಚ್ಚೋ ಒತ್ಗೆ ನೀವು ಮನೇಲಿದ್ದ ದಿನಾನ ಬೆರಳಲ್ಲೇ ಎಣಿಸ್ಬೋದು,” ಎಂದು ಅವಳು ಜಗಳವಾಡದೆ ಹೇಳಿದ್ದಳು. ಜಗಳವಾಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು.

ಕನಕರಾಜು ಲಾರಿಯ ಪಕ್ಕದ ಕನ್ನಡಿಯಲ್ಲಿ ಮೀಸೆ ತೀಡಿಕೊಂಡು ಕೆಳಗಿಳಿದ. ಯಾವ ಕಷ್ಟವನ್ನೂ ಅವನು ಮೀಸೆ ತೀಡದೆ ಎದುರಿಸಿದವನಲ್ಲ.

ಲಾರಿ ಕೆಟ್ಟರೆ ಸಲಹೆಗೆ ಬರವಿಲ್ಲ. ಗದ್ದೆಯ ಬದುವಿನಿಂದ ಕರಿಸಿದ್ದಯ್ಯ ಎದ್ದು ಬಂದರು. ಬಸ್ ಡ್ರೈವರಾಗಿ ನಿವೃತ್ತರಾದ ಅವರಿಗೆ ಎಂಜಿನ್ನಿನ ವಿಷಯದಲ್ಲಿ ಗೊತ್ತಿಲ್ಲ ಎಂಬ ಮಾತೇ ಗೊತ್ತಿರಲಿಲ್ಲ.

“ಪೈಪಲ್ಲಿ ಏರ್ ಇಡ್ಕಂಡದೆ ಕಣ್ಲಾ. ಬೇರೇನೂ ಅಲ್ಲ.”

ಫಿಲ್ಟರಿನ ಬಳಿಯ ನಟ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿಸಿದರು. ಲಾರಿ ಗುರ್ ಎಂದಿತು. ಕರಿಸಿದ್ದಯ್ಯ, ಯಾರೂ ಕರೆಯದಿದ್ದರೂ, ತಮ್ಮ ವಿದ್ಯೆಗೆ ತಾವೇ ಸಾಕ್ಷಿಯೆಂಬಂತೆ ಹತ್ತಿ ಕೂತರು. ನಾಲ್ಕು ಮೈಲಿ ಹೋದದ್ದೇ ಲಾರಿ ಮತ್ತೆ ಬಿಕ್ಕಿ ನಿಂತಿತು.

ಈಗ ಅವರು ಫಿಲ್ಟರಿನ ಮೇಲೆ ತಪ್ಪು ಹೊರಿಸಿದರು. ಹೊಸ ಫಿಲ್ಟರು ಬಂತು, ಲಾರಿ ಓಡಿತು, ನಾಲ್ಕು ಮೈಲಿಗೆ ನಿಂತಿತು. ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಜೋಡಣೆಗಳನ್ನೆಲ್ಲ ಬಿಗಿಸಿದ್ದಾಯಿತು. ಮತ್ತೆ ನಾಲ್ಕು ಮೈಲಿ. ಕೊನೆಗೆ ಪಂಪೇ ಸತ್ತಿದೆ ಎಂದು ತೀರ್ಪು ಕೊಟ್ಟು ಅವರು ಎಲೆಅಡಿಕೆ ಬಿಚ್ಚಿದರು. ಅವರು ಹಾಕಿಕೊಂಡು ಮುಗಿಸುವಷ್ಟರಲ್ಲಿ ಸತ್ತ ಪಂಪು ಎದ್ದು ಕೂತಿತ್ತು. ಅಡ್ಡ ಮಲಗಿದ್ದ ಎಮ್ಮೆ ತನ್ನಷ್ಟಕ್ಕೆ ತಾನೇ ಎದ್ದು ಹೋಗುವ ಹಾಗೆ, ಸುಮ್ಮನೆ ಬಿಟ್ಟರೆ ಲಾರಿ ಹೊರಡುತ್ತಿತ್ತು.

ಮದ್ದೂರಿನಲ್ಲಿ ಅದು ನಿಂತಾಗ ಮೂರು ಗಂಟೆ. ನಿಂತದ್ದು ರೇವಮ್ಮನ ಎಳನೀರು ರಾಶಿಯ ಎದುರಿಗೇ. ಕನಕರಾಜು ಎಣ್ಣೆಗೈಯಲ್ಲೇ ಒಂದು ಎಳನೀರು ತೆಗೆದುಕೊಂಡು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ರೇವಮ್ಮ ಮಚ್ಚು ಕೆಳಗಿಟ್ಟು ಕೇಳಿದಳು.

“ಎಳೀತಾ ಎಳೀತಾ ಕಟ್ಕತದೆ, ಬುಟ್ರೆ ಬುಟ್ಕತದೆ, ಅಂಗೇ ತಾನೆ? ಎಳ್ನೀರ್ ಕುಡಿಯೋ ಕೊಳವೆ ಬಾಯ್ಗೆ ಗಂಜಿ ತಿರುಳು ಸಿಕ್ಕಂಡ್ರೂ ಇಂಗೇ ಕಣಪ್ಪ. ಮೇಲ್ಮೇಲೆ ಏನ್ ನೋಡೀಯ, ಬುರುಡೆ ಒಳಗ್ ನೋಡು.”

ಕರಿಸಿದ್ದಯ್ಯ ನಕ್ಕರು. ಕನಕರಾಜು ನಗಲಿಲ್ಲ. ತಂತಿಯ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಡೀಸೆಲ್ ಟ್ಯಾಂಕಿನ ಬಾಯಿಗೆ ಇಳಿಸಿ ತಡಕಾಡಿದ. ಏನೋ ಸಿಕ್ಕಿತು. ಮೆಲ್ಲಗೆ ಎಳೆದರೆ ಅರಿಶಿನ ಹಚ್ಚಿದ ಬಟ್ಟೆಯ ಗಂಟು, ಒಳಗೊಂದು ನಾಣ್ಯ. ಮುಡಿಪು.

ಬಟ್ಟೆ ಪುಷ್ಪಾಳ ಹಳೇ ಸೀರೆಯ ಸೆರಗು. ದೇವರಿಗೆ ಹರಕೆ ಹೊತ್ತು ಅವಳು ಮುಡಿಪು ಕಟ್ಟಿದ್ದನ್ನು ಅವನು ಎರಡೇ ಸಲ ನೋಡಿದ್ದ. ಹಸು ಸಾಯುವಂತಿದ್ದಾಗ ಒಮ್ಮೆ, ಅವನೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಮ್ಮೆ. ಎರಡು ಸಲವೂ, ಇರುವುದು ಕೈಬಿಟ್ಟು ಹೋಗದಿರಲಿ ಎಂದೇ. ಹಾಗಾದರೆ ಅವಳಿಗೂ ಲಾರಿ ಮಾರುವ ಮನಸ್ಸಿಲ್ಲ! ಬಾಯಿಬಿಟ್ಟು ಹೇಳಲಾರದೆ ಬೆಟ್ಟದ ದೇವರು ಮಾದಪ್ಪನಿಗೆ ಹೇಳಿದ್ದಾಳೆ. ಕನಕರಾಜುವಿನ ಕಣ್ಣು ತುಂಬಿತು. ಡೀಸೆಲ್ ವಾಸನೆಗೆ ಎಂದು ಕರಿಸಿದ್ದಯ್ಯ ತಿಳಿದರು.

ಅಲ್ಲೇ ನಿಂತು ಚಿಕ್ಕಮಾದುವಿಗೆ ಫೋನು ಮಾಡಿದ. “ಮಾರಾಕಿಲ್ಲ ಕಣಣ್ಣ, ತಪ್ಪು ತಿಳ್ಕಬ್ಯಾಡ.” ಚಿಕ್ಕಮಾದು ತಪ್ಪು ತಿಳಿಯಲಿಲ್ಲ, ಈಗಲೇ ಮಂಡ್ಯಕ್ಕೆ ಹೊರಟೆ ಎಂದು ಫೋನಿಟ್ಟ.

ವಾಪಸು ದಾರಿಯಲ್ಲಿ ಲಾರಿ ಒಂದು ಬಿಕ್ಕೂ ಬಿಕ್ಕಲಿಲ್ಲ. ಕರಿಸಿದ್ದಯ್ಯನವರನ್ನು ಅವರ ಗದ್ದೆಯ ಬಳಿ ಇಳಿಸಿದ. ಪೂರಿಗಾಲಿ ಸೇರಿದಾಗ ಪುಷ್ಪಾ ದೀಪ ಹಚ್ಚುತ್ತಿದ್ದಳು. ಲಾರಿಯ ಸದ್ದಿಗೆ ಹೊರಗೆ ಬಂದವಳ ಕೈಗೆ ಅವನು ಮುಡಿಪು ಇಟ್ಟು, ನಿನ್ನ ಮನಸ್ಸು ನನಗೆ ಗೊತ್ತಾಯಿತು, ಇನ್ನು ಇದು ಎಲ್ಲಿಗೂ ಹೋಗುವುದಿಲ್ಲ ಎಂದ.

ಪುಷ್ಪಾ ಮೊದಲು ಮುಡಿಪನ್ನು ನೋಡಿದಳು, ಆಮೇಲೆ ಲಾರಿಯನ್ನು, ಕೊನೆಗೆ ಅವನನ್ನು.

“ನಾನು ಕಟ್ಟಿದ್ದು ಓಗ್ಬಾರ್ದು ಅಂತಲ್ಲ. ಗುಜ್ರಿಗೆ ಬೀಳ್ದಂಗೆ ಯಾರಾರ ಒಳ್ಳೇರ ಕೈ ಸೇರ್ಲಿ ಅಂತ. ಮುಂದ್ಗಡೆ ಇಟ್ರೆ ನಿಮ್ ಕಣ್ಣಿಗ್ ಬಿದ್ದು ಸಂಕಟ ಆಯ್ತದೆ ಅಂತ ಡೀಸೆಲ್ ಟ್ಯಾಂಕೊಳಕ್ಕೆ ಆಕ್ದೆ.”

ಕನಕರಾಜು ಜಗಲಿಯ ಮೇಲೆ ಕೂತ. ಮತ್ತೆ ಫೋನು ಮಾಡಿದರೆ ಚಿಕ್ಕಮಾದು ಆಗಲೇ ಮಂಡ್ಯದ ಲಾರಿಯಲ್ಲಿ ಕೂತು ಆತಗೂರಿನ ದಾರಿಯಲ್ಲಿದ್ದ. ಪುಷ್ಪಾ ಬೈಯಲಿಲ್ಲ. ಕಾಫಿ ತಂದು ಪಕ್ಕದಲ್ಲಿ ಕೂತಳು. ಈ ಹೊತ್ತಿನಲ್ಲಿ ಅವರಿಬ್ಬರೂ ಜಗಲಿಯ ಮೇಲೆ ಕೂತು ಎಷ್ಟೋ ಕಾಲವಾಗಿತ್ತು, ಅವನಿಗೆ ಅದು ಹಿತವಾಗಿಯೇ ಇತ್ತು. ಹಿತದಲ್ಲಿ ಮೈಮರೆತು, ಹರಕೆ ಏನು ಹೊತ್ತಿದ್ದೆ ಎಂದು ಕೇಳಿಬಿಟ್ಟ.

“ಬೆಟ್ಟದಲ್ಲಿ ನಿಮ್ ಮುಡಿ ಕೊಡುಸ್ತೀನಿ ಅಂದಿದ್ದೆ. ಮೀಸೆನೂ ಸೇರ್ಸಿ.”

ಅವನ ಕೈ ತಾನಾಗಿ ಮೀಸೆಗೆ ಹೋಯಿತು. ಮಾರಲೇ ಇಲ್ಲವಲ್ಲ, ಹರಕೆ ಎಲ್ಲಿ ಫಲಿಸಿತು ಎಂದು ವಾದಿಸಿದ.

“ಮಾರ್ಬೇಕು ಅಂತ ನಾನೆಲ್ಲಿ ಕೇಳ್ಕಂಡೆ? ಒಳ್ಳೇರ ಕೈ ಸೇರ್ಲಿ ಅಂದೆ. ಸೇರ್ತಲ್ಲ.” ಪುಷ್ಪಾ ಅವನ ಎಣ್ಣೆಗೈಯನ್ನು ಸೆರಗಿನಲ್ಲಿ ಒರೆಸಿದಳು. “ಯಾಕೆ, ನೀವು ಒಳ್ಳೇರಲ್ವಾ?”

ಕನಕರಾಜು ಲೆಕ್ಕ ಹಾಕಿದ. ಹೌದೆಂದರೆ ಮೀಸೆ ಹೋಗುತ್ತದೆ, ಅಲ್ಲವೆಂದರೆ ಮಾನ.

ಭಾನುವಾರ ಇಬ್ಬರೂ ಲಾರಿಯಲ್ಲೇ ಬೆಟ್ಟಕ್ಕೆ ಹೋಗಿ ಬಂದರು. ಸೋಮವಾರ ಬೆಳಿಗ್ಗೆ ಮಳವಳ್ಳಿಯಲ್ಲಿ ಹೊಸ ಬಸ್ಸು ಹತ್ತಿ, ಶುರು ಮಾಡುವ ಮುನ್ನ ಅಭ್ಯಾಸಬಲದಿಂದ ಕನ್ನಡಿಯತ್ತ ಕೈ ಎತ್ತಿದ. ತೀಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.