ಭಾವನ ಕಾರಿನ ಎಡಗಡೆ ಆರ್ಮು

ನಮ್ಮ ಭಾವನ ಮುಖ ಹೇಗಿದೆ ಎಂದು ಕೇಳಿದರೆ ಬಂಧುಬಳಗದಲ್ಲಿ ಅರ್ಧ ಜನ ತಡವರಿಸುತ್ತಾರೆ. ಕಾಲು ಹೇಗಿದೆ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ! ಶಿವಮೊಗ್ಗದ ಗೋಪಾಳದಲ್ಲಿರುವ ಅವರ ಮನೆಗೆ ಯಾವಾಗ ಹೋದರೂ ಕಾಣುವುದು ಕಾರಿನ ಅಡಿಯಿಂದ ಹೊರಗೆ ಚಾಚಿದ ಎರಡು ಕಾಲು ಮಾತ್ರ. ಹಬ್ಬದ ದಿನ ಆಶೀರ್ವಾದಕ್ಕೆ ಬರುವವರಿಗೆ ಇದರಿಂದ ಬಹಳ ಅನುಕೂಲ. ಕಾಲು ಮುಟ್ಟಿ ನಮಸ್ಕರಿಸಿದರೆ ಸಾಕು, ಕಾರಿನ ಅಡಿಯಿಂದ "ಒಳ್ಳೇದಾಗ್ಲಿ, ಹಾಗೇ ಆ ದೊಡ್ಡ ಸ್ಪ್ಯಾನರ್ ಇತ್ಲಾಗೆ ತಳ್ಳು" ಎಂಬ ಆಶೀರ್ವಾದ ಕೇಳಿಬರುತ್ತದೆ.

ಕಾರು ಎಂದರೆ ನೀವು ನಿಮ್ಮ ಮನೆಯ ಕಾರನ್ನು ಊಹಿಸಿಕೊಳ್ಳಬೇಡಿ. ಇದು ಇಬ್ಬರಷ್ಟೇ ಕೂರಬಹುದಾದ, ತಲೆಯ ಮೇಲೆ ಸೂರಿಲ್ಲದ, ಭಾವನಿಗಿಂತ ವಯಸ್ಸಿನಲ್ಲಿ ಹಿರಿಯದಾದ ಕೆಂಪು ಸ್ಪೋರ್ಟ್ಸ್ ಕಾರು. ಕಾಫಿ ತೋಟದವರೊಬ್ಬರ ಶೆಡ್ಡಿನಲ್ಲಿ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವಂತೆ. ಭಾವ ಹೋಗಿ ಅವನ್ನು ಒಕ್ಕಲೆಬ್ಬಿಸಿ ತಂದರು. ಅದು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತರೆ ಬೀದಿನಾಯಿ ನಮ್ಮ ಕಣ್ಣಿಗೆ ಕಣ್ಣಿಟ್ಟು ಮಾತಾಡಿಸುತ್ತದೆ. ಒಮ್ಮೆ ನನ್ನನ್ನು ಆಲ್ಕೊಳ ಸರ್ಕಲ್‌ವರೆಗೆ ಕರೆದೊಯ್ದಿದ್ದರು. ಇಳಿದ ಮೇಲೆ ನಾಲಿಗೆಯಿಂದ ಹಲ್ಲುಗಳನ್ನೆಲ್ಲ ಮುಟ್ಟಿ ನೋಡಿಕೊಂಡೆ.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಕಳೆದ ವರ್ಷ ಅಕ್ಕನಿಗೆ ಬೆನ್ನಿನ ಆಪರೇಷನ್ ಆಯಿತು. ಬೆನ್ನು ಗುಣವಾಯಿತು, ಹೆದರಿಕೆ ಮಾತ್ರ ಉಳಿಯಿತು. ನಡೀರಿ, ಬಗ್ಗಿ, ಊರು ಸುತ್ತಿ ಎಂದು ಡಾಕ್ಟರು ಹೇಳಿದರೂ ಅವಳು ಗೇಟಿನಾಚೆ ಕಾಲಿಡಲಿಲ್ಲ. ಚಮಚ ಬಿದ್ದರೂ ಬಗ್ಗುತ್ತಿರಲಿಲ್ಲ. ದೇವರುಗಳನ್ನೆಲ್ಲ ಅವಳ ಎದೆಯೆತ್ತರದ ಸ್ಟ್ಯಾಂಡಿಗೆ ವರ್ಗಾಯಿಸಲಾಗಿತ್ತು. ಇತ್ತ ಭದ್ರಾವತಿಯಲ್ಲಿ, ನಮ್ಮ ಮನೆಯಲ್ಲೇ, ನನ್ನ ಮಗಳ ನಿಶ್ಚಿತಾರ್ಥ. ಮಗಳನ್ನು ಎತ್ತಿ ಆಡಿಸಿದವಳು ಅಕ್ಕ. ಅವಳಿಲ್ಲದೆ ಎಂಥ ನಿಶ್ಚಿತಾರ್ಥ? ಅವಳ ಮನೆಗೇ ಹೋಗಿ, ಎತ್ತರದ ಕಾರು ತರ್ತೀನಿ, ಮೆತ್ತನೆ ದಿಂಬು ಹಾಕ್ತೀನಿ ಎಂದೆಲ್ಲ ಗೋಗರೆದೆ. ಫೋನಿನಲ್ಲೇ ನೋಡ್ತೀನಿ ಬಿಡು ಎಂದುಬಿಟ್ಟಳು. ಹೋಗಲಿ, ಭಾವನಾದರೂ ಒಪ್ಪಿಸಲಿ ಎಂದು ಅಂಗಳಕ್ಕೆ ಬಂದರೆ ಅಲ್ಲಿ ಎರಡು ಕಾಲು!

ಕಾರಿನ ಮುಂದಿನ ಚಕ್ರಗಳೇ ಇರಲಿಲ್ಲ. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಕಬ್ಬಿಣದ ತೋಳುಗಳನ್ನು, ಅಂದರೆ ಭಾವನ ಭಾಷೆಯಲ್ಲಿ ಆರ್ಮುಗಳನ್ನು, ಬಿಚ್ಚುತ್ತಿದ್ದರು. ಅವುಗಳ ತುದಿಯ ರಬ್ಬರ್ ಬುಷ್ಷುಗಳು ಸತ್ತಿವೆಯಂತೆ, ಅದಕ್ಕೇ ಗುಂಡಿಗಳೆಲ್ಲ ನೇರ ಸೀಟಿಗೆ ಬಡಿಯುತ್ತವಂತೆ. ಅಲ್ಲೇ ದಪ್ಪನೆಯ ಸ್ಪ್ರಿಂಗೊಂದನ್ನು ಸರಪಳಿ ಸುತ್ತಿ ಕಟ್ಟಿದ್ದರು. ಯಾಕೆಂದು ಕೇಳಿದೆ. "ದೂರ ನಿಲ್ಲು ಮಾರಾಯ. ಅದು ತಪ್ಪಿಸ್ಕೊಂಡ್ರೆ ಒಂದೋ ರಾಗಿಗುಡ್ಡಕ್ಕೆ ಹೋಗ್ತದೆ, ಇಲ್ಲಾ ನಿನ್ನ ಹೊಟ್ಟೆಗೆ" ಎಂದರು. ನಾನು ಬಂದ ವಿಷಯವನ್ನೇ ಮರೆತು ಗೇಟಿನಿಂದಾಚೆ ಹೋಗಿ ನಿಂತೆ.

ಮುಂದಿನ ಭಾನುವಾರ ಹೋದಾಗ ಬೀದಿಯ ತುದಿಗೇ ಸುಟ್ಟ ರಬ್ಬರಿನ ವಾಸನೆ. ಮನೆಗೇ ಬೆಂಕಿ ಬಿತ್ತೆಂದು ಓಡಿದರೆ, ಭಾವ ಹಿತ್ತಲಲ್ಲಿ ಬಚ್ಚಲ ಒಲೆಗೆ ಆರ್ಮುಗಳನ್ನು ಒಡ್ಡಿ ಹಳೆಯ ಬುಷ್ಷುಗಳನ್ನು ಕರಗಿಸುತ್ತಿದ್ದಾರೆ! ಮೇಲಿನ ಹಂಡೆಯಲ್ಲಿ ಅಕ್ಕನ ಸ್ನಾನದ ನೀರು. ಹೊಸ ಬುಷ್ಷುಗಳೋ, ತಣ್ಣಗಾಗಿ ಕುಗ್ಗಿದರೆ ಸಲೀಸಾಗಿ ಕೂರುತ್ತವೆಂದು ಫ್ರೀಜರಿನಲ್ಲಿ ಮಲಗಿದ್ದವು. ನನಗೆ ತಿಳಿಯದೆ ಐಸ್‌ಕ್ರೀಮೆಂದು ಡಬ್ಬಿ ಬಿಚ್ಚಿದೆ.

ಆಮೇಲೆ ಒಂದು ದಿನ ಆರ್ಮುಗಳನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು, ತುಕ್ಕು ತೆಗೆಸಲು ಬಸ್ಸಿನಲ್ಲಿ ಭದ್ರಾವತಿಗೇ ಬಂದರಂತೆ. ಕಿಟಕಿ ಪಕ್ಕದ ಹೆಂಗಸು ಮಗುವೆಂದುಕೊಂಡು ಟವೆಲ್ ಸರಿಸಿ ನೋಡಿ ಸೀಟೇ ಬದಲಾಯಿಸಿದರಂತೆ. ನಮ್ಮೂರಿಗೆ ಬಂದ ಮನುಷ್ಯ ನಮ್ಮ ಮನೆಗೆ ಬರಲಿಲ್ಲ! ಹೆಂಡತಿ ಮನೆಯಲ್ಲಿ ಮೂಲೆ ಹಿಡಿದು ಕೂತಿರುವಾಗ ಈ ಯಪ್ಪನಿಗೆ ಕಬ್ಬಿಣದ ಆರೈಕೆಯೇ? ನನಗೆ ಮೈಯೆಲ್ಲ ಉರಿದುಹೋಯಿತು.

ಜಗಳ ಆಡಿಯೇ ಬಿಡುವುದೆಂದು ಹೋಗಿ ರಾತ್ರಿ ಅಲ್ಲೇ ಉಳಿದೆ. ದೇವರ ಕೋಣೆಗೆ ಕೈಮುಗಿಯಲು ಹೋದರೆ ನೆಲದಲ್ಲಿ ಪೇಪರಿನ ಮೇಲೆ, ಕಪ್ಪು ಬಣ್ಣ ಬಳಿದ ಆರ್ಮು! ಮನೆಯಲ್ಲಿ ಧೂಳಿಲ್ಲದ ಜಾಗ ಅದೊಂದೇ ಅಂತೆ. ಮಿಕ್ಕವೆಲ್ಲ ಒಣಗಿದ್ದವು, ಇದೊಂದು ಬಾಕಿ. ಸೊಳ್ಳೆ ಕೂತ ಗುರುತು ಬಿದ್ದರೂ ಬಣ್ಣವನ್ನೆಲ್ಲ ಕೆರೆದು ಮತ್ತೆ ಬಳಿಯುವ ಮನುಷ್ಯ ಅವರು.

ಅಕ್ಕನ ಮನೆಯಲ್ಲಿ ಒಂದು ಪದ್ಧತಿಯಿದೆ. ದೇವರ ಕೋಣೆಗೆ ಹೋದ ಯಾವ ವಸ್ತುವೂ ವಿಭೂತಿಯಿಲ್ಲದೆ ಹೊರಗೆ ಬರುವುದಿಲ್ಲ. ಕುಕ್ಕರಿಗೆ ವಿಭೂತಿ, ಮಿಕ್ಸಿಗೆ ವಿಭೂತಿ, ನನ್ನ ಮಗಳ ಹಾಲ್‌ಟಿಕೆಟ್ಟಿಗೂ ವಿಭೂತಿ. ಬೆಳಿಗ್ಗೆ ಪೂಜೆ ಮುಗಿಸಿ ಅವಳು ಅಡಿಗೆಮನೆಗೆ ಹೋದಳು. ಭಾವ ಆರ್ಮು ನೋಡಲು ಒಳಗೆ ಹೋದರು. ಹಸಿ ಬಣ್ಣದ ಮೇಲೆ ಅಡ್ಡಡ್ಡ ಮೂರು ಗೆರೆ! ಮುಗಿಯಿತು ಕಥೆ, ಇನ್ನು ಬೀದಿಯೇ ಕೇಳುವಂತೆ ಕೂಗಾಡುತ್ತಾರೆ ಎಂದು ನಾನು ಕಾಫಿ ಲೋಟ ಕೆಳಗಿಟ್ಟೆ. ಅವರೋ, ಹೊಸ್ತಿಲ ಮೇಲೆ ಕೂತು ಆ ಆರ್ಮನ್ನೇ ನೋಡುತ್ತಿದ್ದರು. ಪಾಪ, ಶಾಕ್ ಆಗಿದೆ ಎಂದುಕೊಂಡು ಜಗಳವಾಡದೆ ವಾಪಸಾದೆ.

ನಿಶ್ಚಿತಾರ್ಥದ ಬೆಳಿಗ್ಗೆ ನಾನು ಬೀಗರ ದಾರಿ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದೆ. ಬಂದದ್ದು ಕೆಂಪು ಕಾರು. ಅದರಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ರೇಷ್ಮೆ ಸೀರೆಯುಟ್ಟು ಅಕ್ಕ! ಇಳಿಯುತ್ತಾ ಅವಳೇ ಹೇಳಿದಳು: "ನಿಮ್ ಭಾವ ಬಾ ಅಂತ ಕರೀಲಿಲ್ಲ ಕಣೋ. ಕಾರಿನ ಬಾಗ್ಲು ತೆಗೆದಿಟ್ಟು ಸುಮ್ನೆ ಕೂತಿದ್ರು. ಗೇಟ್ ತನಕ ನೋಡಾಣ ಅಂತ ಕೂತೆ. ಗುಂಡಿ ಬಂದ್ರೂ ಕಾರು ಕುಲುಕ್ಲೇ ಇಲ್ಲ." ಮಗಳು ಓಡಿಬಂದು ಅವಳನ್ನು ತಬ್ಬಿಕೊಂಡು ಒಳಗೆ ಕರೆದೊಯ್ದಳು.

ಭಾವ ಆಗಲೇ ಜಾಕ್ ಕೊಟ್ಟು ಕಾರಿನ ಅಡಿ ಸೇರಿದ್ದರು. ಬಾ ಎಂದು ನನ್ನನ್ನೂ ಎಳೆದರು. ರೇಷ್ಮೆ ಪಂಚೆಯಲ್ಲೇ ಪಕ್ಕದಲ್ಲಿ ಮಲಗಿದೆ. ಆರ್ಮುಗಳು ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು. ಎಡಗಡೆ, ಅಕ್ಕ ಕೂರುವ ಕಡೆಯ ಆರ್ಮಿನ ಮೇಲೆ ಮಾತ್ರ ಬೂದಿ ಕಲೆತ ಮೂರು ಬೆರಳಿನ ಗುರುತು ಹಾಗೆಯೇ ಇತ್ತು. ಇದನ್ನು ಕೆರೆಯಲಿಲ್ಲವೇ ಎಂದು ಕೇಳಿದೆ.

ಭಾವ ಆ ಗೆರೆಗಳಿಗೆ ಬೆರಳು ತಾಗಿಸದೆ ತೋರಿಸಿ ಹೇಳಿದರು: "ಹೆಂಗೆ ಕೆರೀಲಿ ಮಾರಾಯ. ಆರ್ಮ್ ನೆಲದ ಮೇಲಿತ್ತಲ್ಲ. ಅವಳು ಬಗ್ಗಿದಾಳೆ. ಅವಳಿಗೇ ಗೊತ್ತಿಲ್ದಂಗೆ ಬಗ್ಗಿದಾಳೆ."

ಅಷ್ಟರಲ್ಲಿ ಬೀಗರು ಬಂದರು. ಅವರಿಗೆ ಮೊದಲು ಕಂಡದ್ದು ಕಾರಿನ ಅಡಿಯಿಂದ ಚಾಚಿಕೊಂಡ ನಾಲ್ಕು ಕಾಲು. ಯಾರೋ ಕರೆದರು, ನಾನು ಏಳಲಿಲ್ಲ. ಮುಖ ತೋರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.