ಕಾಗೆಮರಿಯ ಪಾಲು

ಎಲ್ಲವನ್ನೂ ಎಣಿಸಿ, ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಬರೆದದ್ದು ತಪ್ಪಾಗುವುದಿಲ್ಲ ಎಂಬ ಜಂಬವೂ ಅದರ ಜೊತೆಗೇ ಬೆಳೆದಿತ್ತು. ಅದನ್ನು ಇಳಿಸಿದ್ದು ಹದಿನಾರು ಪುಟಗಳ ಒಂದು ಚಿತ್ರಪುಸ್ತಕ. ಆದರೂ ಆ ಪುಸ್ತಕದ ಮೇಲೆ ನನಗೆ ಇಂದಿಗೂ ಮೆಚ್ಚುಗೆಯೇ.

೧೯೯೮ರ ಬೇಸಿಗೆಯಲ್ಲಿ ಅಕ್ಕ ತನ್ನ ಮೂರು ವರ್ಷದ ಸುಮಾಳನ್ನು ಕರೆದುಕೊಂಡು ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ, ನಮ್ಮ ಮನೆಗೆ ಬಂದಳು. ಮಗು ಸರಿಯಾಗಿ ಉಣ್ಣುತ್ತಿರಲಿಲ್ಲ. ರಜೆ ಮುಗಿಯುವುದರೊಳಗೆ ಅರ್ಧ ಕಿಲೋ ಆದರೂ ಏರದಿದ್ದರೆ ಸೂಜಿ ಚುಚ್ಚಿ ರಕ್ತ ಪರೀಕ್ಷೆ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಸೂಜಿಯ ಹೆಸರೆತ್ತಿದರೆ ಮಗುವಿಗಿಂತ ಮೊದಲು ಅಕ್ಕನ ಕಣ್ಣಲ್ಲಿ ನೀರು. ಉಣಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಮೇ ಮೂರರಂದು ಸುಮಾಳನ್ನು ನಾನು ಗುಮಾಸ್ತನಾಗಿದ್ದ ಎಣ್ಣೆ ಮಿಲ್ಲಿಗೆ ಕರೆದೊಯ್ದೆ. ಶೇಂಗಾ ಚೀಲ ತೂಗುವ ಯಂತ್ರದ ಮೇಲೆ ಅವಳು ಒಬ್ಬಳೇ ನಿಲ್ಲಲು ಒಪ್ಪಲಿಲ್ಲ. ಮೊದಲು ನಾನು ನಿಂತೆ, ಐವತ್ತೆರಡು ಕಿಲೋ. ಅವಳನ್ನು ಎತ್ತಿಕೊಂಡು ನಿಂತೆ, ಅರವತ್ತಮೂರು. ಮಗು ಹನ್ನೊಂದು ಎಂದು ಡೈರಿಯಲ್ಲಿ ಬರೆದೆ.

ಉಣ್ಣದ ಮಗುವಿಗೆ ಕಾಗೆಯನ್ನು ತೋರಿಸಿ, ತುತ್ತನ್ನು ಅದಕ್ಕೆ ಕೊಟ್ಟುಬಿಡುತ್ತೇನೆ ಎಂದು ಹೆದರಿಸುವ ಹಾಡು ಅವ್ವನಿಗೆ ಬರುತ್ತಿತ್ತು. ಹಾಡಿದಳು. ಸುಮಾ ತಲೆಯೆತ್ತದೆ, "ಕೊಡಜ್ಜಿ, ಅದ್ಕೇ ಕೊಡು" ಅಂದಳು.

ಮರುದಿನ ಬಸ್ ನಿಲ್ದಾಣದ ಅಂಗಡಿಯಲ್ಲಿ ಆ ಪುಸ್ತಕ ಸಿಕ್ಕಿತು. ಬರೆದವರು ಅದೇ ಹಾಡನ್ನು ತಲೆಕೆಳಗು ಮಾಡಿದ್ದರು. ಬೇವಿನ ಕೊಂಬೆಯ ಮೇಲೆ ಕಾಗೆಮರಿ ಬಾಯಿ ಬಿಗಿದು ಕೂತಿದೆ. ತಾಯಿಕಾಗೆ ರೆಕ್ಕೆಯಿಂದ ಅಂಗಳದ ಕೂಸನ್ನು ತೋರಿಸಿ, ನೀನು ಉಣ್ಣದಿದ್ದರೆ ಆ ಮನುಷ್ಯರ ಮರಿಗೆ ಹಾಕಿಬಿಡುತ್ತೇನೆ ಎನ್ನುತ್ತಾಳೆ. ಚಿತ್ರದಲ್ಲಿ ಆ ತಾಯಿಕಾಗೆ ಉಟ್ಟ ಸೀರೆಯನ್ನು ಅಕ್ಕ ಬೆರಳಿನಿಂದ ಸವರಿ ನೋಡಿದಳು. ಮನೆಯಲ್ಲಿ ಮಗ್ಗವಿಟ್ಟುಕೊಂಡವಳು. "ಅಂಚು ನಮ್ಮ ಸೀರೆ ಥರಾನೇ ಐತಲ್ಲೋ" ಎಂದಳು.

ಸುಮಾಗೆ ಅಷ್ಟು ಕಥೆಯೇ ಸಾಕಾಯಿತು. "ಮಾಮ, ನೀನು ಕಾಗೆಮರಿ. ಬಾಯಿ ತೆಗಿ" ಎಂದು ಅಪ್ಪಣೆ ಕೊಟ್ಟಳು. ನನಗೊಂದು ತುತ್ತು ಹಾಕುವಳು; ಕಾಗೆಮರಿ ತನಗಿಂತ ಮುಂದೆ ಹೋಗಬಾರದೆಂದು ತಾನೊಂದು ನುಂಗುವಳು; ಪುಟ ತಿರುವುವಳು. ದಿನಕ್ಕೆ ಇಪ್ಪತ್ತರಂತೆ ಇಪ್ಪತ್ತು ದಿನಕ್ಕೆ ನಾನೂರು ತುತ್ತು ಎಂದು ಬರೆದೆ. ತಟ್ಟೆಯಿಂದ ಹೋದ ತುತ್ತು ಮಾತ್ರ ಎಣಿಸುತ್ತಿದ್ದೆ.

ಮೇ ಇಪ್ಪತ್ತನಾಲ್ಕರಂದು ಅಕ್ಕನನ್ನೂ ಕರೆದುಕೊಂಡು ಮಿಲ್ಲಿಗೆ ಹೋದೆ. ಮಗುವನ್ನು ಎತ್ತಿಕೊಂಡು ನಿಂತರೆ ಅರವತ್ತೈದೂವರೆ. ಡೈರಿ ತೆಗೆದು ನನ್ನ ಐವತ್ತೆರಡನ್ನು ಕಳೆದೆ. "ಅಕ್ಕ, ಎರಡೂವರೆ ಕಿಲೋ ಏರ್ಯಾಳೆ" ಎಂದೆ.

ಅಕ್ಕ ಮಗುವನ್ನು ಎತ್ತಿ ನೋಡಿದಳು. "ಕೈಗೆ ಅಷ್ಟು ಅನ್ನಿಸ್ತಿಲ್ಲ ಕಣೋ."

"ಡೈರಿಯಲ್ಲಿ ಐತೆ" ಎಂದೆ.

ತೂಕ ಹಾಕುವ ಓಬಣ್ಣ ಹೊಟ್ಟೆಯ ಮೇಲೆ ಬಿಗಿದಿದ್ದ ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದ. "ಗುಮಾಸ್ತ್ರೇ, ನೀವೊಬ್ರೇ ಒಂದ್ಸಲ ಹತ್ರಿ."

ಹತ್ತಿದೆ. ಐವತ್ತನಾಲ್ಕು.

ಅಕ್ಕ ಬೆರಳಲ್ಲೇ ಲೆಕ್ಕ ಹಾಕಿದಳು. ಮಗು ಹನ್ನೊಂದೂವರೆ. "ಅರ್ಧ ಕಿಲೋ ಏರೈತೆ, ಸೂಜಿ ತಪ್ತು" ಎಂದು ಅವಳು ಮಗುವಿನ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ನನ್ನತ್ತ ತಿರುಗಿ, "ಕಾಗೆಮರಿ ಚೆನ್ನಾಗಿ ಮೈ ಹಿಡಿದೈತೆ" ಎಂದಳು.

ಮರುದಿನ ಅವರು ಊರಿಗೆ ಹೊರಟರು. ಪುಸ್ತಕವೂ ಅವರ ಜೊತೆಗೇ ಬಸ್ ಹತ್ತಿತು. ಮಧ್ಯಾಹ್ನ ಮುದ್ದೆಯ ಮುಂದೆ ಕೂತರೆ, ತಿರುವಲು ಪುಟವಿಲ್ಲದೆ ನನಗೆ ತುತ್ತೇ ಇಳಿಯಲಿಲ್ಲ. ಅವ್ವ ಕಿಟಕಿಯ ಕಡೆ ಕೈ ಮಾಡಿ ಕೇಳಿದಳು:

"ಉಣ್ತೀಯೋ, ಇಲ್ಲ ಕಾಗೆಗೆ ಹಾಕ್ಲೋ?"