ಮೊಣಕಾಲುಮಟ್ಟದ ಗಿಟಾರು

ಗಿಟಾರನ್ನು ಎದೆಮಟ್ಟಕ್ಕೆ ಕಟ್ಟಿಕೊಳ್ಳುವವರೆಲ್ಲ ಮಾಲೀಕರ ಬಾಲಬಡುಕರು ಎಂಬುದು ವೆಲ್ಡರನ ಅಚಲ ಸಿದ್ಧಾಂತ. ದುಡಿಯುವವನ ಗಿಟಾರು ಮೊಣಕಾಲಿಗೆ ಬಡಿಯಬೇಕು. ಇಪ್ಪತ್ತು ವರ್ಷದಿಂದ ಕಾರ್ಖಾನೆಯ ಗೇಟಿನ ಮುಂದೆ ಅವನು ಹಾಗೆಯೇ ನಿಂತು ಸಂಘದ ಹಾಡು ನುಡಿಸಿದ್ದ. ಅಷ್ಟು ಕೆಳಗಿನ ವಾದ್ಯಕ್ಕೆ ಎಡಗೈ ಮಣಿಕಟ್ಟನ್ನು ಬಾತುಕೋಳಿಯ ಕತ್ತಿನಂತೆ ಮಡಿಚಬೇಕು. ಆ ಮಣಿಕಟ್ಟು ಈಗ ಚಹಾದ ಲೋಟ ಎತ್ತಲೂ ಒಲ್ಲೆ ಎನ್ನುತ್ತಿತ್ತು.

ಸೋಮವಾರದಿಂದ ಮುಷ್ಕರ. "ಕೈ ಆಗದಿದ್ರೆ ಹೇಳಿಬಿಡಿ ಭಾವ, ಮೈಕಿನಲ್ಲಿ ರೆಕಾರ್ಡು ಹಾಕ್ತೀವಿ" ಎಂದು ಸಂಘದ ಕಾರ್ಯದರ್ಶಿಯಾದ ಅವನ ಭಾವಮೈದುನ ಹೇಳಿಹೋಗಿದ್ದ. ತನ್ನ ಜಾಗದಲ್ಲಿ ಒಂದು ಡಬ್ಬ ಬಂದು ಕೂರುತ್ತದೆಂದರೆ ವೆಲ್ಡರನಿಗೆ ಊಟ ಸೇರೀತೆ?

ಹೆಂಡತಿ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಚಿಕಿತ್ಸೆ ಹೇಳಿದಳು.

"ಗಿಟಾರಿನ ಪಟ್ಟಿ ಎರಡು ಗೇಣು ಕಮ್ಮಿ ಮಾಡ್ತೀನಿ, ಕೊಡಿ."

"ಎದೆಗೆ ಅಪ್ಪಿಕೊಳ್ಳೋಕೆ ಅದೇನು ಕೂಸಾ?"

"ಕೂಸನ್ನ ನೀವು ಯಾವಾಗ ಅಪ್ಪಿಕೊಂಡ್ರಿ? ಹೆತ್ತ ಎರಡೂ ನನ್ನ ಸೊಂಟದ ಮೇಲೇ ಬೆಳೆದವು."

"ಜನ ನಗ್ತಾರೆ ಕಣೇ."

"ಈಗೇನು ಕೈ ಮುಗೀತಿದಾರಾ?"

ಕತ್ತರಿ ಆಡಿತು. ಒಲೆಗೂ ತೊಟ್ಟಿಗೂ ನಡುವೆ ನಿಂತು ವೆಲ್ಡರ್ ಗಿಟಾರು ತೊಟ್ಟ. ಮಣಿಕಟ್ಟು ನೆಟ್ಟಗಾಯಿತು. ಹಾಡಿನ ನಾಲ್ಕನೆಯ ಸಾಲಿನಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸುವ ಹಿಡಿತವೊಂದಿದೆ. ಬೆರಳು ಎಟುಕದೆ ಇಷ್ಟು ವರ್ಷ ಅದನ್ನು ಹಾರಿಸಿಯೇ ನುಡಿಸಿದ್ದ. ಈಗ ಬೆರಳು ತಾನಾಗಿ ಹೋಗಿ ಮಲಗಿತು. (ಅವನ ಕಣ್ಣು ತುಂಬಿತು. ಕೇಳಿದ್ದಕ್ಕೆ ಈರುಳ್ಳಿ ಎಂದ.)

ಸೋಮವಾರ ಗೇಟಿನಲ್ಲಿ ನಾನೂರು ಜನ. ಯಾರೂ ನಗಲಿಲ್ಲ. ಮೂರು ಸಾಲು ಭೋರ್ಗರೆಯಿತು. ನಾಲ್ಕನೆಯದಕ್ಕೆ ವೆಲ್ಡರ್ ಆ ಹಿಡಿತ ಹಿಡಿದ. ನಾನೂರು ಕೊರಳು ಒಟ್ಟಿಗೆ ಮುಗ್ಗರಿಸಿದವು. ಅವರೆಲ್ಲ ಹಾಡು ಕಲಿತದ್ದು ಅವನಿಂದಲೇ. ಅವನು ಹಾರಿದಲ್ಲಿ ಹಾರಿ, ಅರ್ಧ ಸಾಲು ನುಂಗಿ ಮುಂದೆ ಹೋಗುವುದೇ ಅವರಿಗೆ ಹಾಡು. ಇನ್ನೊಮ್ಮೆ ನುಡಿಸಿದ. ಇನ್ನೊಮ್ಮೆ ಮುಗ್ಗರಿಸಿದರು. ಗೇಟಿನ ಒಳಗೆ ಮ್ಯಾನೇಜರು ಹಲ್ಲು ಕಿರಿದ.

"ಏನು ನುಡಿಸ್ತಿದೀರಿ ಭಾವ?"

"ಸರಿಯಾದದ್ದು."

"ಸರಿಯಾದದ್ದು ಆಮೇಲೆ ನೋಡೋಣ. ನಮ್ಮದು ನುಡಿಸಿ."

ನುಡಿಸಲು ನೋಡಿದ. ಎದೆಮಟ್ಟದಲ್ಲಿ ಬೆರಳಿಗೆ ತಪ್ಪುವುದೇ ಮರೆತುಹೋಗಿತ್ತು. ಗುಂಪಿನಿಂದ ಹೆಂಡತಿ ಬಂದಳು. ಬ್ಯಾನರಿನ ಹಗ್ಗ ಎರಡು ಗೇಣು ಕತ್ತರಿಸಿ ಪಟ್ಟಿಗೆ ಸೇರಿಸಿ ಗಂಟು ಬಿಗಿದಳು. ಗಿಟಾರು ಧಡಕ್ಕನೆ ಮೊಣಕಾಲಿಗೆ ಇಳಿಯಿತು.

"ಕೈ ಬಿದ್ದುಹೋಗುತ್ತೆ ಕಣೇ."

"ನಾನೂರು ಜನಕ್ಕೆ ಹೀಗೆ ಕಲಿಸಿದ್ದು ಯಾರು? ಮಡಚಿ."

ಮಡಚಿದ. ಹಾರಿಸಿದ. ಜನ ಜೊತೆಯಲ್ಲೇ ಹಾರಿದರು, ಗೇಟು ನಡುಗಿತು, ಮ್ಯಾನೇಜರನ ಹಲ್ಲು ಮುಚ್ಚಿತು.

ಮುಷ್ಕರ ಮೂವತ್ತೊಂದು ದಿನ ನಡೆಯಿತು. ಹಾಡು ದಿನಕ್ಕೆ ಎರಡು ಹೊತ್ತು.